ದರ್ಜಿಯ ತಲೆನೋವು

"ಬುದ್ಧಿ, ಮೊಬೈಲ್ ಟವರ್‌ನಿಂದ ರೋಗ ಬರುತ್ತೆ ಅಂತ ಅರ್ಧ ಊರು, ಬರಲ್ಲ ಅಂತ ಇನ್ನರ್ಧ ಊರು. ಯಾರ ಮಾತು ನಿಜ?" ಎಂದು ಶಿಷ್ಯ ಮರುಳಸಿದ್ಧ ಗುರುಗಳನ್ನು ಕೇಳಿದ. ಊರಿನ ಸಭೆಯಲ್ಲಿ ಅವನೂ ಕೂಗಾಡಿ ಬಂದಿದ್ದ. ಗಂಟಲು ಇನ್ನೂ ಕಟ್ಟಿತ್ತು. ಗುರುಗಳು ಶಿವನನ್ನು ನೆನೆದು, ಹೌದು ಅಲ್ಲ ಎನ್ನದೆ ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ದೈವಭಕ್ತ, ಪೂಜೆಯಾಗದೆ ಅಂಗಡಿಯ ಬಾಗಿಲು ತೆರೆದವನಲ್ಲ. ಪೇಟೆಯ ನಡುವೆ ಟವರ್ ಎದ್ದಾಗ, ಇದರಿಂದ ಜನರಿಗೆ ಕೇಡು ಎಂದು ಮೊದಲು ದನಿ ಎತ್ತಿದವನು ಅವನೇ. ಅದರಲ್ಲಿ ಕಪಟವಿರಲಿಲ್ಲ. ನಿವೃತ್ತ ಮೇಷ್ಟರೊಬ್ಬರು ಎದುರು ನಿಂತು, ಕೇಡಾದವರನ್ನು ತೋರಿಸಿ ಎಂದರು.

ತೋರಿಸಲು ವ್ಯಾಪಾರಿ ದೂರ ಹೋಗಬೇಕಾಗಿರಲಿಲ್ಲ. ಅವನ ಅಂಗಡಿಯ ಜಗಲಿಯಲ್ಲಿ ಹೊಲಿಯುತ್ತಿದ್ದ ದರ್ಜಿಗೆ ಕೆಲವು ತಿಂಗಳಿಂದ ತಲೆನೋವು. ಮನೆ ಟವರಿನ ಬುಡದಲ್ಲೇ. ವ್ಯಾಪಾರಿ ಅವನನ್ನು ಸಭೆಗೆ ಕರೆದೊಯ್ದು ಮುಂದಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದ. ದೀಪ ನೋಡಿದರೆ ಅದರ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ, ಭಯವಾಗುತ್ತದೆ ಎಂದು ದರ್ಜಿ ಅವನ ಕಿವಿಯಲ್ಲಿ ಹೇಳಿದ.

"ಇದನ್ನೇ ಮೈಕ್ ಹಿಡ್ಕೊಂಡು ಗಟ್ಟಿಯಾಗಿ ಹೇಳಪ್ಪ" ಎಂದ ವ್ಯಾಪಾರಿ.

ದರ್ಜಿ ಹೇಳಿದ್ದಕ್ಕೆ ಜನ ಹೋ ಎಂದರು. ದಿನಕ್ಕೆ ಹದಿನೈದು ಟೀ ಕುಡಿದು ಮೆಷಿನ್ನಿನ ಮೇಲೆ ಬಗ್ಗಿ ಕೂತರೆ ಟವರಿಲ್ಲದ ಊರಲ್ಲೂ ತಲೆ ನೋಯುತ್ತದೆ ಎಂದು ಮೇಷ್ಟರು ಹಂಗಿಸಿದರು. ಅದಕ್ಕೆ ಜನ ನಕ್ಕರು. ಅಂದಿನಿಂದ ದರ್ಜಿಯಿಲ್ಲದೆ ಸಭೆಯೇ ಇಲ್ಲ.

ಒಂದು ದಿನ ದರ್ಜಿಯ ಹೆಂಡತಿ ಅಂಗಡಿಗೆ ಬಂದಳು. ಗಂಡನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ತನ್ನೊಬ್ಬಳ ಕೈಲಿ ಆಗುವುದಿಲ್ಲ, ಜೊತೆಗೆ ಯಾರನ್ನಾದರೂ ಕಳಿಸಿ ಎಂದು ಕೇಳಿದಳು.

"ಮುಂದಿನ ತಿಂಗಳು ಅಧಿಕಾರಿಗಳು ಟವರ್ ಪರೀಕ್ಷೆ ಮಾಡೋ ಯಂತ್ರ ತರ್ತಾರಮ್ಮ. ಅವರು ನೋಡ್ಕೊಂಡು ಹೋಗ್ಲಿ. ಅಷ್ಟರೊಳಗೆ ವಾಸಿಯಾಗ್ಬಿಟ್ರೆ ನಾವು ತೋರ್ಸೋದೇನು?" ಎಂದ ವ್ಯಾಪಾರಿ.

ಅವಳು ಮೇಷ್ಟರ ಮನೆಗೂ ಹೋದಳು. ಏನೂ ಆಗದವನನ್ನು ಆಸ್ಪತ್ರೆಗೆ ಸೇರಿಸಿದರೆ ಆ ಕಡೆಯವರ ಮಾತಿಗೇ ಬಲ ಬರುತ್ತದೆ ಎಂದು ಅವರೂ ಸಮಾಧಾನ ಹೇಳಿ ಕಳಿಸಿದರು.

ಅಧಿಕಾರಿಗಳು ಬಂದರು. ದರ್ಜಿಯನ್ನು ಕರೆತರಲು ವ್ಯಾಪಾರಿ ತಾನೇ ಓಡಿದ. ದರ್ಜಿ ಮನೆಬಾಗಿಲ ಬೆಳಕಿನಲ್ಲಿ ಸೂಜಿ ದಾರ ಹಿಡಿದು ಕೂತಿದ್ದ. ಎದುರಿಗೇ ನಿಂತರೂ ಯಾರು ಎಂದು ಕೇಳಿದ. ದನಿ ಕೇಳಿದ ಮೇಲೆ ಅವನ ಮುಖ ಅರಳಿತು.

"ಸಾವ್ಕಾರ್ರಾ? ಬನ್ನಿ. ಬೆಳಗ್ಗೆಯಿಂದ ಒದ್ದಾಡ್ತಿದೀನಿ. ಈ ದಾರ ಒಂಚೂರು ಪೋಣಿಸಿಕೊಡಿ."

ವ್ಯಾಪಾರಿ ಸೂಜಿ ತೆಗೆದುಕೊಂಡ. ಕಣ್ಣು ನೆಟ್ಟಗಿದ್ದ ಅವನಿಗೂ ಅದನ್ನು ಪೋಣಿಸಲಾಗಲಿಲ್ಲ. ಸೂಜಿ ಕೆಳಗಿಟ್ಟು, ಅಧಿಕಾರಿಗಳ ಕಡೆ ಹೋಗದೆ ದರ್ಜಿಯನ್ನೂ ಅವನ ಹೆಂಡತಿಯನ್ನೂ ದೊಡ್ಡಾಸ್ಪತ್ರೆಗೆ ಕರೆದೊಯ್ದ.

ಆಸ್ಪತ್ರೆಯಲ್ಲಿ ವೈದ್ಯರು ಇದು ಕಣ್ಣಿನೊಳಗೆ ಒತ್ತಡ ಏರುವ ರೋಗ ಎಂದರು. ಬಣ್ಣದ ಬಳೆ ಕಂಡಾಗಲೇ ಕರೆತಂದಿದ್ದರೆ ಔಷಧಿಯಲ್ಲೇ ಹಿಡಿತಕ್ಕೆ ಬರುತ್ತಿತ್ತು. ಈಗ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ ಮಾಡಿ ನೋಡಬೇಕು ಎಂದರು. ದರ್ಜಿ, ಸಾವ್ಕಾರ್ರು ತಮ್ಮ ಕೆಲಸ ಬಿಟ್ಟು ಜೊತೆಗೆ ಬಂದಿದ್ದಾರೆ ನೋಡು ಎಂದು ಹೆಂಡತಿಗೆ ಹೇಳುತ್ತಿದ್ದ. ವ್ಯಾಪಾರಿಗೆ ಅವಳ ಮುಖ ನೋಡಲಾಗಲಿಲ್ಲ. ಮರುದಿನ ಪೂಜೆಗೆ ಕೂತಾಗ ದೇವರ ಮುಖವನ್ನೂ ನೋಡಲಾಗಲಿಲ್ಲ. ಭಗವಂತ ಕರುಣಾಳು, ಕ್ಷಮಿಸುತ್ತಾನೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಕೇಳುವುದಕ್ಕೆ ಬಾಯಿ ಬರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಸಿದ್ಧ ಮುಂದಕ್ಕೆ ಸರಿದು ಕೂತ.

"ಅದು ಸರಿ ಬುದ್ಧಿ. ಅಧಿಕಾರಿಗಳ ಯಂತ್ರ ಕೊನೆಗೆ ಏನು ತೋರಿಸ್ತು?"

"ದರ್ಜಿಯ ಇನ್ನೊಂದು ಕಣ್ಣು ಉಳಿಯಿತೇ ಎಂದು ನೀನೂ ಕೇಳಲಿಲ್ಲವಲ್ಲ, ಮಗು."