ಪುಟ್ಟತಾಯಮ್ಮನ ಶ್ರುತಿ

ಹೊಳೆಗೆ ಇಳಿಯುವ ಬೀದಿಯಲ್ಲಿ, ಕೊನೆಯ ಮನೆಗೆ ಒಂದು ಮನೆ ಮುಂಚೆ, ನೀಲಕಂಠಯ್ಯ ಮೇಷ್ಟ್ರ ಸಂಗೀತ ಶಾಲೆ ಇತ್ತು. ಶಾಲೆ ಅಂದರೆ ಬೋರ್ಡು ಗೀರ್ಡು ಏನಿಲ್ಲ. ಒಂದು ಪಡಸಾಲೆ, ಉದ್ದನೆಯ ಚಾಪೆಗಳು, ಒಂದು ಶ್ರುತಿಪೆಟ್ಟಿಗೆ, ಅದರ ಹಿಂದೆ ಮೇಷ್ಟ್ರು.

ದೀಪ ಹಚ್ಚುವ ಹೊತ್ತಿಗೆ ಬೀದಿಯವರು ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು. ಲಂಗದ ಹುಡುಗಿಯರು, ಹೈಸ್ಕೂಲಿನ ಗುಮಾಸ್ತರು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯರು. ಎಲ್ಲರಿಗೂ ಒಂದೇ ಪಾಠ, ಎಲ್ಲರಿಗೂ ಒಂದೇ ಬೈಗುಳ. ಶುಕ್ರವಾರ ಮಾತ್ರ ಬೈಗುಳದ ಜೊತೆಗೆ ಒಂದೊಂದು ಬೊಗಸೆ ಕಡ್ಲೆಪುರಿಯೂ ಸಿಗುತ್ತಿತ್ತು. ಅಂಥ ಸಂಜೆಗಳು ಆ ಬೀದಿಗೆ ಮತ್ತೆ ಬರಲಿಲ್ಲ. ಇನ್ನು ಬರುವುದೂ ಇಲ್ಲ ಬಿಡಿ.

ಪುರಿ ಬರುತ್ತಿದ್ದದ್ದು ಪುಟ್ಟತಾಯಮ್ಮನ ಭಟ್ಟಿಯಿಂದ. ಗಂಡ ತೀರಿಕೊಂಡ ವರ್ಷ, ಪ್ರಸಾದದ ಪುರಿ ಕೊಡಲು ಬಂದಾಕೆ ಹೊಸ್ತಿಲ ಹತ್ತಿರ ಸುಮ್ಮನೆ ಕೂತಿದ್ದಳು. ಮೇಷ್ಟ್ರು, “ಒಳಗೆ ಬನ್ನಿ, ಅಲ್ಲಿ ಗಾಳಿ ಬೀಸತ್ತೆ” ಅಂದರು. ಆಮೇಲೆ ಆಕೆ ಸಂಜೆಯ ಪಾಠ ತಪ್ಪಿಸಲಿಲ್ಲ.

ಭಟ್ಟಿಯ ಹೊಗೆ ಕುಡಿದ ಗಂಟಲು. ದನಿ ದಪ್ಪ, ಮೇಲೆ ಏರುತ್ತಿರಲಿಲ್ಲ.

ಪಾಠ ಶುರುವಾಗುವ ಮುಂಚೆ ಮೇಷ್ಟ್ರದು ಒಂದು ಪದ್ಧತಿ. ಪೆಟ್ಟಿಗೆಗೆ ಗಾಳಿ ತುಂಬುತ್ತಾ ಹಿಂದಿನ ಸಾಲಿನ ಕಡೆ ನೋಡುತ್ತಿದ್ದರು.

“ಪುಟ್ಟತಾಯಮ್ನೋರೇ, ಇಷ್ಟಕ್ಕೆ ಸಾಕಾ?”

“ಸಾಕು ಮೇಷ್ಟ್ರೇ.”

ಅಲ್ಲಿಗೆ ಆ ಸಂಜೆಯ ಶ್ರುತಿ ನಿಂತಂತೆ. ಎಲ್ಲರೂ ಅದಕ್ಕೇ ಹಾಡಬೇಕು.

ಇನ್ನೊಂದು ಪದ್ಧತಿಯೂ ಇತ್ತು. ರಾಮನವಮಿಯ ಚಪ್ಪರದಲ್ಲಿ ಮೊದಲು ಶಾಲೆಯವರೆಲ್ಲ ಕೂಡಿ ಹಾಡಬೇಕು. ಆಮೇಲೆ ಒಬ್ಬರ ಕಚೇರಿ. ಎಲ್ಲರೂ ಹಾಡದೆ ಒಬ್ಬರು ಹಾಡುವ ಹಾಗಿಲ್ಲ.

ಆ ವರ್ಷ ಆ ಒಬ್ಬರು ವನಜಾಕ್ಷಿ.

ಟೈಲರ್ ಗುರುಶಾಂತಪ್ಪನ ಮಗಳು ವನಜಾಕ್ಷಿ. ಲಂಗ ಹಾಕುವ ವಯಸ್ಸಿನಿಂದ ಮೇಷ್ಟ್ರ ಹತ್ತಿರ ಕಲಿತು ಈಗ ಸೀರೆ ಉಡುತ್ತಿದ್ದಳು. ಅದು ಅವಳ ಮೊದಲ ಕಚೇರಿ. ಅದನ್ನು ಕೇಳಲು ಮೈಸೂರಿನ ಒಂದು ಸಭೆಯ ಕಾರ್ಯದರ್ಶಿ ಬರುತ್ತೇನೆ ಅಂದಿದ್ದರು. ಅವರ ಮನಸ್ಸಿಗೆ ಬಂದರೆ ಮೈಸೂರಿನ ವೇದಿಕೆ. ಬಾರದಿದ್ದರೆ ಅಪ್ಪನ ಅಂಗಡಿಯಲ್ಲಿ ಕಾಜಾ ಹಾಕಿಕೊಂಡು ಕೂರುವುದು ಇದ್ದೇ ಇತ್ತು. ಅವಳಿಗೆ ಮೈಸೂರು ಬೇಕಾಗಿತ್ತು. ಊಟ ಸೇರದಷ್ಟು ಬೇಕಾಗಿತ್ತು.

ಒಂದು ಬೆಳಗ್ಗೆ ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಾ, ಸುತ್ತ ಯಾರೂ ಇಲ್ಲವೆಂದು ಗಂಟಲು ಬಿಟ್ಟು ಹಾಡಿದಳು. ದನಿ ತಾನಾಗಿ ಮೇಲಕ್ಕೆ ಹೋಗಿ ನಿಂತಿತು. ಒಂದಿಷ್ಟೂ ಒತ್ತಾಯವಿಲ್ಲ, ನಡುಕವಿಲ್ಲ. ಒಗೆಯುವುದನ್ನು ಮರೆತು ಕೂತುಬಿಟ್ಟಳು.

ಆ ಶ್ರುತಿಯನ್ನು ಗುನುಗಿಕೊಂಡೇ ಶಾಲೆಗೆ ಹೋಗಿ ಪೆಟ್ಟಿಗೆಯಲ್ಲಿ ಹುಡುಕಿದಳು. ಸಂಜೆಯ ಪಾಠದ ಶ್ರುತಿಗಿಂತ ಎಷ್ಟೋ ಮೇಲಿತ್ತು.

ಮೊದಲು ಸಂತೋಷವಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಇಷ್ಟು ವರ್ಷ ನನ್ನನ್ನು ತಗ್ಗಿನಲ್ಲೇ ಇಟ್ಟಿದ್ದರಲ್ಲ ಅನ್ನಿಸಿತು.

“ಮೇಷ್ಟ್ರೇ, ನನ್ನ ಶ್ರುತಿ ಮೇಲಿದೆ. ಹೊಳೇಲಿ ಬಟ್ಟೆ ಒಗೆಯೋವಾಗ ಸಿಕ್ತು” ಅಂದಳು.

“ಇರಲಿ.”

“ಚಪ್ಪರದಲ್ಲಿ ಮೊದಲು ಎಲ್ಲರ ಜೊತೆ ತಗ್ಗಿನಲ್ಲಿ ಹಾಡಿದರೆ ಗಂಟಲು ಮಂಕಾಗತ್ತೆ. ಆಮೇಲೆ ಕಚೇರಿಗೆ ದನಿ ಏಳಲ್ಲ.”

“ಏಳತ್ತೆ.”

“ಒಬ್ಬರಿಗೋಸ್ಕರ ಎಲ್ಲರೂ ಕೆಳಗೆ ಹಾಡಬೇಕಾ ಮೇಷ್ಟ್ರೇ?”

ಮೇಷ್ಟ್ರು ಚಿಟಿಕೆ ನಶ್ಯ ಏರಿಸಿ, ಮೂಗು ಒರೆಸಿಕೊಂಡು, “ಯಾವ ಒಬ್ಬರಿಗೋಸ್ಕರ?” ಎಂದು ಕೇಳಿದರು.

ವನಜಾಕ್ಷಿ ಎದ್ದು ಹೊರಟಳು. ಸಿಟ್ಟು ಮಾತ್ರ ಹಾಗೇ ಉಳಿಯಿತು.

ಮಾರನೆಯ ಸಂಜೆ ಮೇಷ್ಟ್ರು ಚಪ್ಪರಕ್ಕೆ ಬಿದಿರು ಗಳ ನೋಡಲು ಹೋಗಿ ತಡಮಾಡಿದರು. ವನಜಾಕ್ಷಿ ಪೆಟ್ಟಿಗೆಯ ಮುಂದೆ ಕೂತಳು. ಹಿಂದಿನ ಸಾಲನ್ನು ನೋಡದೆ, ತನ್ನ ಶ್ರುತಿಗೆ ಇಟ್ಟು, ಹಾಡು ಎತ್ತಿಕೊಂಡಳು.

ಹಾಡಿನ ಮೊದಲ ಸಾಲಿಗೆ ಎಲ್ಲರೂ ದನಿಗೂಡಿಸಿದರು. ಎರಡನೆಯ ಸಾಲಿಗೆ ಗುಮಾಸ್ತರು ಕೆಮ್ಮಿ ನಿಲ್ಲಿಸಿದರು. ದನಿ ಮೇಲೇರಿದ ಕಡೆ ಸೊಸೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಉಳಿದದ್ದು ವನಜಾಕ್ಷಿಯ ದನಿಯೊಂದೇ. ಅದು ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮುಗಿಸಿ ಕಣ್ಣು ಬಿಟ್ಟರೆ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು.

“ಕಚೇರಿ ಚೆನ್ನಾಗಿತ್ತು. ಪಾಠ ಯಾವಾಗ?” ಅಂದರು.

ಬೈದಿದ್ದರೇ ಅವಳಿಗೆ ಎಷ್ಟೋ ವಾಸಿಯೆನಿಸುತ್ತಿತ್ತು.

ಮರುದಿನ ಪುಟ್ಟತಾಯಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೇಷ್ಟ್ರು ಪೆಟ್ಟಿಗೆಗೆ ಗಾಳಿ ತುಂಬಿ, ಹಿಂದಿನ ಸಾಲು ನೋಡಿ, ಮತ್ತೆ ಗಾಳಿ ಬಿಟ್ಟು ಮುಚ್ಚಿದರು. ಪಾಠವಿಲ್ಲದೆ ಎಲ್ಲರೂ ಎದ್ದು ಹೋದರು.

ವನಜಾಕ್ಷಿ ಹೆದರಿದಳು.

“ಮೇಷ್ಟ್ರೇ, ಹಬ್ಬ ಹತ್ತಿರ ಬಂತು. ಶಾಲೆಯವರು ಹಾಡದಿದ್ದರೆ ನನ್ನ ಕಚೇರಿ?”

“ಅದೇ ನಾನೂ ಯೋಚಿಸ್ತಾ ಇದೀನಿ.”

“ಶ್ರುತಿ ಮೊದಲಿನ ಹಾಗೇ ಇಡಿ. ನಾನು ಏನೂ ಹೇಳಲ್ಲ.”

“ಮೊದಲು ಎಲ್ಲಿತ್ತು ಅನ್ನೋದು ಮರೆತುಹೋಗಿದೆ ನನಗೆ” ಅಂದರು ಮೇಷ್ಟ್ರು. ನಲವತ್ತು ಕೃತಿಗಳ ಸಾಹಿತ್ಯವನ್ನು ಹಿಂದುಮುಂದಾಗಿ ಹೇಳುವ ಮನುಷ್ಯ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದರು. ಪೆಟ್ಟಿಗೆಯನ್ನು ಅವಳ ಮಡಿಲಿಗೆ ಇಟ್ಟರು.

“ಹೋಗಿ ಕೇಳಿಕೊಂಡು ಬಾ.”

ಅಷ್ಟು ಭಾರದ ಪೆಟ್ಟಿಗೆಯನ್ನು ಸೊಂಟಕ್ಕೇರಿಸಿಕೊಂಡು ವನಜಾಕ್ಷಿ ಭಟ್ಟಿಗೆ ಹೋದಳು. ಬೀದಿಯವರೆಲ್ಲ ನೋಡುತ್ತಿದ್ದರು. ಕಾಲು ಎಳೆದುಕೊಂಡೇ ಹೋದಳು.

ಪುಟ್ಟತಾಯಮ್ಮ ಬಾಂಡಲಿಯ ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದಳು. ಇವಳನ್ನು ಕಂಡು ಸೆರಗಿನಿಂದ ಮಣೆ ಒರೆಸಿ ಹಾಕಿದಳು.

“ಬಾ ಕಣವ್ವ, ಕೂತ್ಕೊ. ಹೊಗೆ ಆಯ್ತದೆ, ಈ ಕಡೆ ಬಾ.”

“ಯಾಕೆ ಪಾಠಕ್ಕೆ ಬರ್ತಿಲ್ಲ ಪುಟ್ಟತಾಯಮ್ಮ?”

“ಗಂಟಲು ಕಟ್ಕಂಡದೆ.”

“ನನ್ನ ಮೇಲೆ ಸಿಟ್ಟಾ?”

“ನಿನ್ನ ಮೇಲೆ ಯಾಕವ್ವ ಸಿಟ್ಟು? ಎಷ್ಟು ಚೆಂದಾಗಿ ಹಾಡ್ದೆ ಅವತ್ತು.” ಪುಟ್ಟತಾಯಮ್ಮ ಮರಳು ಕೆದಕಿದಳು. “ನಾನು ದನಿ ಬರ್ದೆ ಸುಮ್ನೆ ಬಾಯಾಡಿಸ್ಕಂಡು ಕೂತಿದ್ದೆ. ಬಾಯಾಡ್ಸಾಕೆ ಅಲ್ಲಿಗ್ಯಾಕೆ ಬರಬೇಕು? ಮನೇಲೇ ಆಯ್ತದೆ.”

ವನಜಾಕ್ಷಿಗೆ ನಾಚಿಕೆಯಾಯಿತು. ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, “ನಿಮ್ಮ ಶ್ರುತಿ ಯಾವುದು ಹೇಳಿ. ಅದಕ್ಕೇ ಇಡ್ತೀನಿ” ಅಂದಳು.

“ನಂಗೇನು ಗೊತ್ತು ಅದೆಲ್ಲ?”

“ಸ್ವಲ್ಪ ಹಾಡಿ. ಹುಡುಕ್ತೀನಿ.”

“ನೀನು ಮುಂದೆ ಕೂತ್ಕಂಡು ಹಾಡು ಅಂದ್ರೆ ಬಂದದ? ಹೋಗವ್ವ.”

ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅಂಗಡಿಯವನೊಬ್ಬ ಚೀಲ ಹಿಡಿದು ಬಂದ. ಪುಟ್ಟತಾಯಮ್ಮ ಎದ್ದು ಸೇರು ತೆಗೆದುಕೊಂಡು ಪುರಿ ಅಳೆಯತೊಡಗಿದಳು.

ಆ ಕಡೆ ಅಳೆಯುವಾಗ ಒಂದು ಎನ್ನುವುದಿಲ್ಲ. ಲಾಭ ಎಂದೇ ಶುರು ಮಾಡುತ್ತಾರೆ, ಅದನ್ನು ರಾಗವಾಗಿ ಎಳೆದು ಹೇಳುತ್ತಾರೆ.

“ಲಾಭವೇ ಲಾಭ... ಎರಡೇ ಎರಡು... ಮೂರೇ ಮೂರು...”

ಒಂದು ಸೇರು ಚೀಲಕ್ಕೆ ಬಿದ್ದು ಇನ್ನೊಂದು ಸೇರು ತುಂಬುವವರೆಗೂ ಆ ದನಿ ಹಾಗೇ ನಿಂತಿರುತ್ತಿತ್ತು. ಒಂದು ಕೂದಲೆಳೆಯಷ್ಟೂ ಜಾರುತ್ತಿರಲಿಲ್ಲ. ದಪ್ಪ ದನಿ, ದುಂಡು ದನಿ, ಅಂಜಿಕೆಯಿಲ್ಲದ ದನಿ. ಹನ್ನೆರಡು ವರ್ಷ ಒಂದೇ ಪಡಸಾಲೆಯಲ್ಲಿ ಹಾಡಿಯೂ ವನಜಾಕ್ಷಿ ಅದನ್ನು ಕೇಳಿಸಿಕೊಂಡಿರಲಿಲ್ಲ.

ಅವಳು ಪೆಟ್ಟಿಗೆಗೆ ಗಾಳಿ ತುಂಬಿದಳು. ತನ್ನ ಶ್ರುತಿಯಿಂದ ಶುರುಮಾಡಿ ಒಂದೊಂದೇ ಗುಂಡಿ ಕೆಳಗೆ ಸರಿದಳು. ಇದಲ್ಲ, ಇದೂ ಅಲ್ಲ. ಇನ್ನೂ ಕೆಳಗೆ. ಪುಟ್ಟತಾಯಮ್ಮ ಅಳೆಯುತ್ತಲೇ ಇದ್ದಳು.

ಕೊನೆಗೆ ಒಂದು ಕಡೆ ಪೆಟ್ಟಿಗೆಯ ದನಿಯೂ ಪುಟ್ಟತಾಯಮ್ಮನ ದನಿಯೂ ಒಂದಾದವು. ಯಾವುದು ಯಾವುದೆಂದು ತಿಳಿಯಲಿಲ್ಲ. ವನಜಾಕ್ಷಿ ಬಗ್ಗಿ ನೋಡಿದಳು. ಮೇಷ್ಟ್ರು ದಿನಾ ಇಡುತ್ತಿದ್ದ ಗುಂಡಿಯೇ ಅದು.

ಅಷ್ಟು ವರ್ಷ ಅದನ್ನು ತಗ್ಗು ಅಂದುಕೊಂಡಿದ್ದಳು. ಅವಳ ಕಣ್ಣು ತುಂಬಿ ಬಂತು. ಭಟ್ಟಿಯ ಹೊಗೆ ಎಂದು ಪುಟ್ಟತಾಯಮ್ಮ ಅಂದುಕೊಂಡಳು, ವನಜಾಕ್ಷಿಯೂ ಅಲ್ಲ ಎನ್ನಲಿಲ್ಲ.

“ಇಷ್ಟಕ್ಕೆ ಸಾಕಾ ಪುಟ್ಟತಾಯಮ್ಮ?”

ಪುಟ್ಟತಾಯಮ್ಮ ಸೇರು ಕೆಳಗಿಟ್ಟಳು.

“ಸಾಕು ಕಣವ್ವ” ಅಂದಳು.

ರಾಮನವಮಿ ಬಂತು. ಚಪ್ಪರಕ್ಕೆ ಮಾವಿನೆಲೆ ಕಟ್ಟಿದರು. ಬೀದಿಗೆ ಬೀದಿಯೇ ಪಾನಕ, ಕೋಸಂಬರಿ ಹಂಚಿಕೊಂಡು ಕೂತಿತು. ಶಾಲೆಯವರು ಕೂಡಿ ಹಾಡಿದರು. ಹಿಂದಿನ ಸಾಲಿನಲ್ಲಿ ಪುಟ್ಟತಾಯಮ್ಮನ ದನಿ ಎಲ್ಲರ ದನಿಗೂ ಅಡಿಯಲ್ಲಿ ಹಾಸಿದಂತೆ ಇತ್ತು.

ಆಮೇಲೆ ವನಜಾಕ್ಷಿಯ ಕಚೇರಿ. ಪದ್ಧತಿಯಂತೆ ಅವಳ ಬೆನ್ನ ಹಿಂದೆ ಮೇಷ್ಟ್ರೇ ಶ್ರುತಿ ಹಿಡಿದು ಕೂತರು. ಅವಳ ಶ್ರುತಿ, ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಿದ್ದು.

ದನಿ ಎದ್ದಿತು. ಮೇಷ್ಟ್ರು ಹೇಳಿದಂತೆಯೇ ಎದ್ದಿತು. ಕಲ್ಯಾಣಿ ರಾಗಕ್ಕೆ ಬರುವ ಹೊತ್ತಿಗೆ ಮೈಸೂರಿನ ಕಾರ್ಯದರ್ಶಿಗಳು ತೊಡೆ ತಟ್ಟಿಕೊಂಡು ತಾಳ ಹಾಕುತ್ತಿದ್ದರು. ಗುರುಶಾಂತಪ್ಪ ಕೊರಳಲ್ಲಿದ್ದ ಟೇಪು ತೆಗೆಯುವುದನ್ನೂ ಮರೆತು ಕಂಬಕ್ಕೆ ಒರಗಿ ನಿಂತಿದ್ದ. ಮೈಸೂರು ಕೈಗೆ ಸಿಕ್ಕಂತೆಯೇ ಇತ್ತು.

ಉಳಿದದ್ದು ಮಂಗಳ.

ಮಂಗಳಕ್ಕೆ ಬೀದಿಯವರೆಲ್ಲ ದನಿಗೂಡಿಸುವುದು ವಾಡಿಕೆ. ಎಲ್ಲರೂ ಎದ್ದು ಕೈ ಮುಗಿದು ನಿಂತರು. ವನಜಾಕ್ಷಿ ಎದುರಿಗೆ ನೋಡಿದಳು. ಗುಮಾಸ್ತರು ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಈ ಶ್ರುತಿಗೆ ಅವರಲ್ಲಿ ಯಾರಿಗೂ ಆಗುವುದಿಲ್ಲ. ಎಲ್ಲರೂ ಬಾಯಾಡಿಸಿಕೊಂಡು ನಿಲ್ಲುತ್ತಾರೆ, ಆಮೇಲೆ ಚೆನ್ನಾಗಿತ್ತು ಎನ್ನುತ್ತಾರೆ.

ಅವಳು ಹಿಂದಕ್ಕೆ ತಿರುಗಿದಳು.

“ಮೇಷ್ಟ್ರೇ, ಇಳಿಸಿ.”

“ಎಲ್ಲಿಗೆ?”

“ನಿಮಗೆ ಗೊತ್ತಲ್ಲ.”

“ನೀನು ಹೇಳು.”

ಅವಳು ಮೆಲ್ಲಗೆ ಗುನುಗಿದಳು. ಮೇಷ್ಟ್ರು ಗುಂಡಿ ಸರಿಸಿದರು.

ಕಚೇರಿಯ ನಡುವೆ ಹೀಗೆ ಶ್ರುತಿ ಬದಲಾಯಿಸುವುದನ್ನು ಯಾರೂ ಕಂಡಿರಲಿಲ್ಲ. ಪಿಟೀಲಿನವರು, “ಇದೇನಮ್ಮ ಇದು?” ಎಂದು ಕಮಾನು ಕೆಳಗಿಟ್ಟರು. ವಾದ್ಯಗಳೆಲ್ಲ ಮೇಲಿನ ಶ್ರುತಿಗೆ ಬಿಗಿದಿದ್ದವು, ಮೃದಂಗದವರೂ ಕೈ ಕಟ್ಟಿಕೊಂಡರು. ವನಜಾಕ್ಷಿ ಪಕ್ಕವಾದ್ಯವಿಲ್ಲದೆಯೇ ಎತ್ತಿಕೊಂಡಳು, ಬೀದಿ ಅವಳ ಹಿಂದೆ ಬಂತು.

ಆ ಮಂಗಳವನ್ನು ಕೇಳಿದವರು ಈಗ ಹೆಚ್ಚು ಜನ ಉಳಿದಿಲ್ಲ. ಉಳಿದವರನ್ನು ಕೇಳಿದರೆ, ಹೊಳೆಯ ಆಚೆ ದಡಕ್ಕೂ ಕೇಳಿಸಿತ್ತು ಎನ್ನುತ್ತಾರೆ. ಇರಬಹುದು.

ಕಾರ್ಯದರ್ಶಿಗಳು ಶಲ್ಯ ಹೊದ್ದು ಎದ್ದರು.

“ಕಂಠ ಒಳ್ಳೇದಿದೆ. ಆದರೆ ಕಚೇರಿಯ ಶಿಸ್ತು ಬಂದಿಲ್ಲ. ಇನ್ನೂ ಕೆಲವು ವರ್ಷ ಆಗಲಿ” ಅಂದು ಪಾನಕವನ್ನೂ ಕುಡಿಯದೆ ಹೊರಟರು.

ಜನ ಚದುರಿದ ಮೇಲೆ ಮೇಷ್ಟ್ರು, ವನಜಾಕ್ಷಿ ಇಬ್ಬರೇ ಚಾಪೆ ಸುತ್ತುತ್ತಿದ್ದರು. ಅವಳು ಅಳು ತಡೆದುಕೊಂಡಿದ್ದಳು, ಈಗ ಬಿಟ್ಟಳು.

“ಮೈಸೂರು ಹೋಯ್ತಲ್ಲ ಮೇಷ್ಟ್ರೇ.”

“ಎಲ್ಲಿಗೆ ಹೋಗತ್ತೆ? ಬೆಳಗ್ಗೆಯಿಂದ ಸಂಜೆವರೆಗೂ ಬಸ್ಸಿದೆ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಚಾಪೆಯ ಇನ್ನೊಂದು ತುದಿ ಹಿಡಿದುಕೊಂಡಳು.

“ನನ್ನ ಶ್ರುತಿ ಯಾವುದು ಅಂತ ನಿಮಗೆ ಮೊದಲಿಂದಲೂ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಒಂದು ದಿನವೂ ಹೇಳಿಕೊಡಲಿಲ್ಲ.”

ಮೇಷ್ಟ್ರು ಸುತ್ತಿದ ಚಾಪೆಯನ್ನು ಅವಳ ಹೆಗಲಿಗೆ ಹೊರಿಸಿ, ತಾವು ಪೆಟ್ಟಿಗೆ ಎತ್ತಿಕೊಂಡರು.

“ನಿನ್ನದನ್ನ ಹೇಳಿಕೊಡೋಕೆ ಮೇಷ್ಟ್ರು ಯಾಕಮ್ಮ ಬೇಕು? ಅದು ಬಟ್ಟೆ ಒಗೆಯೋವಾಗಲೂ ಸಿಗತ್ತೆ. ನಾನು ಕಲಿಸ್ತಾ ಇದ್ದದ್ದು ಪಕ್ಕದವರದ್ದು.”