ಅಲಸಂದೆಗೆ ಕುಟ್ಟೆ ಹಿಡಿದದ್ದು

ಭೂಮಿ ಇನ್ನೂ ಹಸಿಮಣ್ಣಾಗಿದ್ದ ಕಾಲ. ಬೆಟ್ಟಗಳು ಮೇಕೆಮರಿಯಷ್ಟೇ ಎತ್ತರ. ಸುಳ್ಳು ಅನ್ನೋರು ನಮ್ಮ ವಂಶದವರನ್ನು ಕೇಳಲಿ. ಅವನ್ನು ಬೆಳಿಗ್ಗೆ ಮೇಯಲು ಬಿಟ್ಟು ಸಂಜೆ ಕಟ್ಟುತ್ತಿದ್ದವರು ನಾವೇ!

ಆಗ ಕುಟ್ಟೆಹುಳ ಎಮ್ಮೆಕರುವಿನಷ್ಟು ದಪ್ಪ. ಆದರೂ ಕಾಳಿಗೆ ಭಯವಿರಲಿಲ್ಲ. ಅಲಸಂದೆಯೂ ಅವಳ ಅಕ್ಕ ಕಾಡವರೆಯೂ, ಮಕ್ಕಳು ಹಸಿಕಾಯಲ್ಲಿದ್ದಾಗಲೇ, ಹಾಲಿನ ಜೊತೆ ಒಂದು ಕಹಿಸತ್ವ ಊಡುತ್ತಿದ್ದರು. ಆ ಕಾಳು ತಿಂದ ಹುಳದ ಕರುಳಿಗೆ ಗಂಟು ಬೀಳುತ್ತಿತ್ತು. ತಿಂದದ್ದು ಅರಗದು. ಹೊಟ್ಟೆ ತುಂಬಿದ್ದರೂ ಹಸಿವು. ತಿಂದೂ ತಿಂದೂ ಸೊರಗಿ ಕುಟ್ಟೆ ಸಾಸಿವೆಯಷ್ಟಾಯಿತು.

ಆ ಸೀಮೆಯ ಮೊದಲ ಒಕ್ಕಲಗಿತ್ತಿ ಕೆಂಚವ್ವ. ಬಿತ್ತನೆಕಾಳು ಎತ್ತಿಡುವಾಗ ಅವಳದೊಂದು ಪದ್ಧತಿ. ಪ್ರತಿ ಬಳ್ಳಿಯದೂ ಒಂದು ಕಾಳು ಕಡಿದು ನೋಡುವಳು. ಸಿಹಿಯಾದರೆ ಆ ಬಳ್ಳಿಯ ಕಾಳು ಗುಡಾಣಕ್ಕೆ, ಕಹಿಯಾದರೆ ಥೂ ಅಂತ ಬೇಲಿಗೆ. ಮೊಮ್ಮಕ್ಕಳ ಬಾಯಿಗೆ ಕಹಿ ಹೋಗಬಾರದು, ಅಷ್ಟೇ ಅವಳ ಆಸೆ.

ಬೇಲಿಯಿಂದ ಕಾಡವರೆ ಕೂಗಿದಳು: "ಏ ಕೆಂಚಿ, ಕಾಳಿನ ಕಾವಲನ್ನೇ ಉಗಿದು ಕಳೀತಿದ್ದೀಯಲ್ಲೇ!"

"ನಿನ್ನ ಮೂತಿಯಷ್ಟೇ ಕಹಿ ನಿನ್ನ ಮಾತು. ಸುಮ್ನಿರೇ," ಅಂದಳು ಕೆಂಚವ್ವ.

ಅಲಸಂದೆ ಹೆದರಿದಳು. ಗುಡಾಣ ಸೇರುವ ಆಸೆಗೆ ವರ್ಷವರ್ಷವೂ ಕಹಿ ಕಡಿಮೆ ಮಾಡುತ್ತ ಬಂದಳು. ಕೊನೆಗೆ ಬರೀ ಸಿಹಿ.

ಮುಂಗಾರು ಗುಡುಗಿದ ದಿನ ಕೆಂಚವ್ವ ಗುಡಾಣದ ಬಾಯಿ ತೆಗೆದು ಕೈ ಹಾಕಿದಳು. ಕಾಳಿಲ್ಲ. ಮೊಣಕೈವರೆಗೂ ಹಿಟ್ಟು. ಹಿಟ್ಟಿನೊಳಗೆ ಕುಟ್ಟೆ ಮಿಜಿಮಿಜಿ.

"ಗಾಳಿಯಪ್ಪಾ, ಇದನ್ನ ತೂರಿಕೊಡೋ, ಒಂದು ಕಾಳಾದ್ರೂ ಸಿಕ್ಕೀತು!"

ಗಾಳಿ ತೂರಿತು. ಹಿಟ್ಟೆಲ್ಲ ಹಾರಿಹೋಗಿ ಒಂದೇ ಒಂದು ಗಟ್ಟಿಕಾಳು ಉಳಿಯಿತು. ಅದನ್ನು ಮಡಿಲಲ್ಲಿಟ್ಟುಕೊಂಡು ಬೇಲಿಗೆ ಓಡಿದಳು.

"ಅಕ್ಕಾ, ತಪ್ಪಾಯ್ತು. ಇದಕ್ಕಿಷ್ಟು ನಿನ್ನ ಸತ್ವ ಊಡೇ."

ಕಾಡವರೆ ಕಣ್ಣೀರಿಟ್ಟಳು. "ಅದು ತಾಯಿಹಾಲಲ್ಲೇ ಬರಬೇಕು ಕಣವ್ವ. ಕಾಯಿ ಒಣಗಿದ ಮೇಲೆ ನಾನಲ್ಲ, ದೇವರೂ ಊಡಲಾರ."

"ಇದರ ಮಕ್ಕಳಿಗೆ?"

"ತಾಯಿಯೇ ಮರೆತದ್ದನ್ನ ಮಕ್ಕಳಿಗೆ ಯಾರು ಕೊಡ್ತಾರೆ?"

ಕೆಂಚವ್ವ ಅತ್ತ ಅಳುವಿಗೆ ಏಳು ಹಳ್ಳ ಹರಿದವು. ಆ ಹಸಿಯಲ್ಲೇ ಕಾಳೂರಿದಳು. ಬೆಳೆ ಬಂತು. ಅದೂ ಸಿಹಿ. ಬೂದಿ ಬೆರೆಸಿಟ್ಟಳು, ಬೇವಿನೆಲೆ ಹಾಸಿದಳು. ಕಿವಿಗೊಟ್ಟರೆ ಗುಡಾಣದೊಳಗೆ ಮತ್ತೆ ಕಿರ್ರ್ ಕಿರ್ರ್.

ಅದಕ್ಕೇ ಮಗಾ, ಇವತ್ತಿಗೂ ಡಬ್ಬಿಯ ಅಲಸಂದೆಗೆ ಮೈತುಂಬ ತೂತು. ಬೇಲಿಯ ಕಾಡವರೆ ಮಾತ್ರ ಇಡಿಯಾಗಿ ಒಣಗಿ, ಸಿಡಿದು, ನೆಲಕ್ಕೆ ಬೀಳುತ್ತಾಳೆ, ಆಯುವವರಿಲ್ಲದೆ.