ಗದೆ ಒತ್ತಿದ ಲಗಮಪ್ಪ

ಬಹಳ ಬಹಳ ಹಿಂದೆ, ಮಲಪ್ರಭೆ ಹೊಳೆಯ ಆಚೆ ದಂಡೆಗೆ, ಕುಸುಗಟ್ಟಿ ಅಂತ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಿದರೆ ಹೇಳುವವರು ಯಾರೂ ಉಳಿದಿಲ್ಲ. ಆ ಊರ ಗರಡಿಮನೆಯಲ್ಲಿ ಲಗಮಪ್ಪ ಅಂತ ಒಬ್ಬ ಪೈಲ್ವಾನನಿದ್ದ. ಅವನು ಗದೆ ತಿರುವಿದರೆ ಆ ಗಾಳಿಗೆ ಗೂಡಿನ ದೀಪ ಆರುತ್ತಿತ್ತಂತೆ. ಹೊಳೆಯ ಕೆಸರಲ್ಲಿ ಹೂತ ಬಂಡಿಯನ್ನು ಎತ್ತುಗಳ ಸಮೇತ ದಂಡೆಗೆ ಎಳೆದಿದ್ದನಂತೆ. ಹೇಳುವವರು ಹಾಗೆ ಹೇಳುತ್ತಾರೆ. ಕೇಳುವವರು ಅರ್ಧ ನಂಬಿದರೂ ಸಾಕು.

ಬಲ ಎಷ್ಟಿದ್ದರೇನು, ಪೈಲ್ವಾನನಿಗೆ ಜೋಡಿ ಬೇಕು. ಸಾಮು ಒಬ್ಬನೇ ಮಾಡಬಹುದು, ಕುಸ್ತಿ ಒಬ್ಬನೇ ಆಡೋಕಾಗುತ್ತದೆಯೇ? ಲಗಮಪ್ಪನ ಜೋಡಿ ಪಿಂಜಾರರ ಮದಾರಸಾಬ. ಮೀಸೆ ಮೂಡುವ ಮೊದಲಿನಿಂದ ಇಬ್ಬರೂ ಒಂದೇ ಕೆಮ್ಮಣ್ಣಿನಲ್ಲಿ ಹೊರಳಿದವರು. ಒಬ್ಬನ ಉಸಿರು ಎಲ್ಲಿ ತಿರುಗುತ್ತದೆ ಅಂತ ಇನ್ನೊಬ್ಬನಿಗೆ ಗೊತ್ತಿತ್ತು ಅಂತಾರೆ.

ಒಂದು ಮುಂಜಾನೆ ಲಗಮಪ್ಪ ಅವನನ್ನು ಎತ್ತಿ ಒಗೆದ. ಸಾವಿರ ಸಲ ಒಗೆದ ಹಾಗೇ ಒಗೆದ. ಅಂದು ಮಾತ್ರ ಮದಾರಸಾಬ ಬೀಳಬಾರದ ಹಾಗೆ ಬಿದ್ದ. ಒಣ ಜೋಳದ ದಂಟು ಮುರಿದ ಹಾಗೆ ಸದ್ದಾಯಿತು. ಮದಾರಸಾಬ ಏಳಲಿಲ್ಲ.

ಹೊಳೆಯಿಂದ ಎರಡು ಹರದಾರಿ ದೂರ, ಒಂದು ಹುಣಸೆಮರದ ಕೆಳಗೆ, ಎಲುಬು ಕಟ್ಟುವ ನೀಲಗಂಗವ್ವ ಇದ್ದಳು. ಕಣ್ಣು ಮುಚ್ಚಿಕೊಂಡೇ ಮುರಿದ ಜಾಗ ಹುಡುಕುವ ಕೈ ಅವಳದು. ಕಾಲು ಮುರಿದವರು, ಸೊಂಟ ಮುರಿದವರು ಮರದ ಸುತ್ತ ಚಾಪೆಯ ಮೇಲೆ, ಬಂಡಿಯ ಕೆಳಗೆ ಮಲಗಿರುತ್ತಿದ್ದರು. ಅವಳು ಮದಾರಸಾಬನ ಬೆನ್ನಿಗೆ ಬಿದಿರಿನ ದಬ್ಬೆ ಕಟ್ಟಿ, ಎರಡು ತಿಂಗಳು ಅಲುಗಾಡಬೇಡ ಅಂದಳು.

ಮೂರನೇ ದಿನ ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಒಂಬತ್ತು ದಿನವೂ ಲಗಮಪ್ಪ ಗೆಳೆಯನ ಮೇಲೆ ಕಂಬಳಿ ಚಾಚಿ ಹಿಡಿದು ನಿಂತಿದ್ದನಂತೆ. ಮೇಲಿನ ನೀರು ತಡೆದ, ಕೆಳಗೆ ಹರಿಯುವ ನೀರು ತಡೆಯಲು ಅವನಿಂದಾಗಲಿಲ್ಲ. ಮದಾರಸಾಬನಿಗೆ ಚಳಿಜ್ವರ ಏರಿತು.

"ಏನಾರ ಮಾಡಬೇ, ಯವ್ವಾ" ಅಂತ ಲಗಮಪ್ಪ ಬೇಡಿಕೊಂಡ.

"ಎಲುಬು ಕೂಡಿಸೂದು ನನ್ನ ಕೈಯಾಗ ಐತಿ, ತಮ್ಮಾ. ಮಳಿ ತಡಿಯೂದು ನನ್ನ ಕೈಯಾಗಿಲ್ಲ" ಅಂದಳು ಮುದುಕಿ.

ಕೊನೆಗೆ ಮದಾರಸಾಬನೇ ಸಣ್ಣಗೆ ಅಂದ, "ಲಗಮ್ಯಾ, ಕೈ ಸೋತಿರಬೇಕು ನಿಂದು. ಕೆಳಗ ಇಳಸೋ. ನಿಂದೇನೂ ತಪ್ಪಿಲ್ಲ. ಬ್ಯಾರೆ ಜೋಡಿ ನೋಡ್ಕೋ." ಅದೇ ಅವನ ಕಡೆಯ ಮಾತು.

ತಪ್ಪಿಲ್ಲ ಅಂತ ಊರೂ ಹೇಳಿತು. ಆದರೆ ತಮ್ಮ ಮಕ್ಕಳನ್ನು ಲಗಮಪ್ಪನ ಎದುರಿಗೆ ಬಿಡಲಿಲ್ಲ. ಎಲ್ಲಿ ಕುಸ್ತಿ ಸಾರಿದರೂ ಅವನು ಹೋಗುತ್ತಿದ್ದ. ಜೋಡಿಯಾಗಿ ಯಾರಾದರೂ ಬನ್ನಿ ಅಂತ ಕಣದ ನಡುವೆ ಒಂದು ಕೈ ಮೇಲೆತ್ತಿ ನಿಲ್ಲುತ್ತಿದ್ದ. ಹಲಗೆ ಬಾರಿಸುವವರು ದಣಿದು ನಿಲ್ಲಿಸುತ್ತಿದ್ದರು, ಮಂದಿ ಕೊಡವಿಕೊಂಡು ಏಳುತ್ತಿದ್ದರು, ಹೊತ್ತು ಇಳಿಯುತ್ತಿತ್ತು. ಎತ್ತಿದ ಕೈ ಹಾಗೇ ಇರುತ್ತಿತ್ತು. ಒಂದು ವರ್ಷ ಹೀಗಾಯಿತು, ಎರಡನೇ ವರ್ಷ ಹೀಗಾಯಿತು, ಮೂರನೇ ವರ್ಷವೂ ಹೀಗೇ ಆಯಿತು ಅಂತಾರೆ.

ಮೂರನೇ ವರ್ಷ ಹಾಗೆ ತಿರುಗಿ ಬಂದವನು ಖಾಲಿ ಗರಡಿಯಲ್ಲಿ ಸಿಟ್ಟಿನಿಂದ ಗದೆ ಬೀಸಿ ಒಗೆದ. ಅದು ಹಸಿ ಕೆಮ್ಮಣ್ಣಿನಲ್ಲಿ ಉರುಳಿ, ಸುಣ್ಣದ ಗೋಡೆಗೆ ಬಡಿದು ಬಿತ್ತು. ಗೋಡೆಯ ಮೇಲೆ ಒಂದು ಕೆಂಪು ಗುಂಡು ಮೂಡಿತು. ಲಗಮಪ್ಪ ನೋಡಿದ. ಬೋಳಿಸಿದ ತಲೆಯ ಹಾಗಿತ್ತು. ಗದೆ ಎತ್ತಿಕೊಂಡು, ಮಣ್ಣಲ್ಲಿ ಅದ್ದಿ, ಅದರ ಕೆಳಗೆ ಉರುಳಿಸಿದ, ಹೆಗಲಾಯಿತು. ಹಿಡಿಕೆಯಿಂದ ಎಳೆದ, ತೋಳಾಯಿತು. ಹತ್ತುವ ಹಗ್ಗವನ್ನು ಒತ್ತಿದ, ಬಿಗಿದ ನರಗಳಾದವು. ಮದಾರಸಾಬ ಬಂದು ಗೋಡೆಯ ಮೇಲೆ ನಿಂತಿದ್ದ. ಅವನ ಎದುರಿಗೆ ಇನ್ನೊಬ್ಬನನ್ನು ಒತ್ತಿದ. ಆಮೇಲೆ ಅವನು ಎಷ್ಟು ಚಿತ್ರ ಮಾಡಿದರೂ ಒಂಟಿ ಆಳನ್ನು ಮಾಡಲೇ ಇಲ್ಲವಂತೆ.

ದಾರಿಹೋಕ ನೇಕಾರನೊಬ್ಬ ಗೋಡೆ ನೋಡಿ ಬೆರಗಾದ. ಬಿಳಿ ಅರಿವೆ ಕೊಟ್ಟು, ಇದರ ಮೇಲೆ ಒತ್ತಿಕೊಡು, ಏನು ಬೇಕು ಕೇಳು ಅಂದ.

ಲಗಮಪ್ಪ ಅರಿವೆಯನ್ನು ಕೈಗೆ ತೆಗೆದುಕೊಂಡ. "ಹಂಚು ಕೊಡ್ರಿ" ಅಂದ. "ಹುಣಸಿಗಿಡದ ಕೆಳಗ ಒಂದು ಸೂರು ಆಗಬೇಕು."

ಬೇವಿನ ಗೋಂದು ಕಲಸಿದರೆ ಕೆಮ್ಮಣ್ಣು ಅರಿವೆಗೆ ಗಟ್ಟಿಯಾಗಿ ಹಿಡಿಯಿತು. ಒಂದು ಚಿತ್ರಕ್ಕೆ ತೊಲೆ ಬಂತು, ಇನ್ನೊಂದಕ್ಕೆ ಕಂಬ ಬಂತು. ಆದರೆ ಒಬ್ಬನ ಕೈಯಲ್ಲಿ ಎಷ್ಟಾದೀತು? ಮಳೆಗಾಲ ಹತ್ತಿರ ಬರುತ್ತಿತ್ತು, ಮರದ ಕೆಳಗೆ ಮಲಗಿದವರು ಹೆಚ್ಚುತ್ತಿದ್ದರು. ಆಗ ಅವನು ತನ್ನನ್ನು ಕಂಡರೆ ಮುಖ ತಿರುಗಿಸುವ ಏಳೂರಿನ ಗರಡಿಗಳ ಬಾಗಿಲಿಗೆ ತಾನೇ ಹೋದ. "ಕುಸ್ತಿಗೆ ಕರಿಯಾಕ ಬಂದಿಲ್ರೀ. ನಿಮ್ಮ ನಿಮ್ಮ ಗದಿ ಹೊತ್ತುಕೊಂಡು ಒಂದು ದಿನ ಬರ್ರಿ, ಅಷ್ಟ ಸಾಕು" ಅಂದ.

ಬಂದರಂತೆ. ಏಳೂರಿನ ಪೈಲ್ವಾನರೂ ಬಂದರಂತೆ. ಕಣದ ತುಂಬ ಅರಿವೆ ಹಾಸಿದರು. ಗದೆ ಒತ್ತಿದವರು ಕೆಲವರು, ಎತ್ತುವ ಗುಂಡುಕಲ್ಲು ಉರುಳಿಸಿದವರು ಕೆಲವರು. ಕುಸ್ತಿ ಕಲಿಸುವ ಒಬ್ಬ ಮುದಿ ವಸ್ತಾದ ತನ್ನ ಲಂಗೋಟಿಯನ್ನೇ ಮಣ್ಣಲ್ಲಿ ಅದ್ದಿ ಬೀಸಿದ. ಅದು ಹದ್ದಿನ ರೆಕ್ಕೆಯ ಹಾಗೆ ಮೂಡಿತು. ಎಲ್ಲರೂ ನಕ್ಕರು. ಲಗಮಪ್ಪನೂ ನಕ್ಕ. ಸಂಜೆ ಎಲ್ಲರೂ ಕೈ ತೊಳೆದುಕೊಂಡು ತಮ್ಮ ತಮ್ಮ ಊರಿಗೆ ಹೋದರು. ಅವನೊಬ್ಬ ಉಳಿದ.

ಆ ಅರಿವೆಗಳಿಗೆ ಬಂದ ಹಂಚು, ತೊಲೆಗಳಿಂದ ಸೂರು ಎದ್ದಿತು. ನಡುತೊಲೆಯನ್ನು ಲಗಮಪ್ಪ ಒಬ್ಬನೇ ಹೊತ್ತು ತಂದ ಅಂತಾರೆ. ಮುಂದೆ ಅಲ್ಲೇ ಉಳಿದು, ಬಂದವರನ್ನು ಬಂಡಿಯಿಂದ ಹಸುಗೂಸಿನ ಹಾಗೆ ಎತ್ತಿ ಒಳಗೆ ಮಲಗಿಸುವುದೇ ಅವನ ಕೆಲಸವಾಯಿತು.

ಕೂದಲು ಬೆಳ್ಳಗಾದ ಮೇಲೂ ವರ್ಷಕ್ಕೊಮ್ಮೆ ಕಣಕ್ಕೆ ಹೋಗಿ ಕೈ ಎತ್ತುವುದನ್ನು ಬಿಡಲಿಲ್ಲ. ಒಂದು ವರ್ಷ, ಆ ಸೂರಿನ ಕೆಳಗೆ ಮುರಿದ ಕಾಲು ಕೂಡಿಸಿಕೊಂಡಿದ್ದ ಗುರುಸಿದ್ದ ಅನ್ನುವ ಪೈಲ್ವಾನ ಕಣಕ್ಕಿಳಿದ. ಜನ ಉಸಿರು ಬಿಗಿಹಿಡಿದರು. ಲಗಮಪ್ಪ ಅವನ ಹೆಗಲು ಹಿಡಿದ. ಇಷ್ಟು ವರ್ಷ ಕಾದದ್ದು ಎದುರಿಗೇ ನಿಂತಿತ್ತು, ಬೆರಳು ಬಿಗಿಯಾಗಲೊಲ್ಲವು.

"ಸಾಕು, ತಮ್ಮಾ. ನೀ ಬಂದ್ಯಲ್ಲ, ಸಾಕು" ಅಂದ. ಅವನ ನೆತ್ತಿಗೆ ಒಂದು ಚಿಟಿಕೆ ಮಣ್ಣು ಹಚ್ಚಿ, ಕಣ ಬಿಟ್ಟು ನಡೆದ. ಮತ್ತೆಂದೂ ಕಣಕ್ಕೆ ಬರಲಿಲ್ಲ.

ಲಗಮಪ್ಪ ಹೋಗಿ ಎಷ್ಟೋ ತಲೆಮಾರು ಕಳೆದವು. ಇಂದಿಗೂ ಆ ಏಳೂರಿನಲ್ಲಿ ಮಳೆಗಾಲಕ್ಕೆ ಮುಂಚೆ ಪೈಲ್ವಾನರು ಅರಿವೆಯ ಮೇಲೆ ಗದೆ ಒತ್ತುತ್ತಾರೆ, ಅದಕ್ಕೆ ಬಂದ ಹಂಚಿನಿಂದ ಎಲುಬು ಕಟ್ಟುವ ಆ ಮನೆಯ ಸೂರು ಸರಿಮಾಡುತ್ತಾರೆ. ಇನ್ನೊಂದು ನಡೆಯೂ ಉಂಟು. ಕಣದಲ್ಲಿ ಯಾರಾದರೂ ಜೋಡಿ ಸಿಗದೆ ನಿಂತರೆ, ಅವನನ್ನು ಹಾಗೇ ಕಳಿಸುವುದಿಲ್ಲ. ಎಲ್ಲರಿಗಿಂತ ಹಿರಿಯ ವಸ್ತಾದ, ನಡೆಯಲಾರದಿದ್ದರೂ ಕೋಲೂರಿಕೊಂಡು ಒಳಗಿಳಿದು, ಅವನ ಎತ್ತಿದ ಕೈಯನ್ನು ಹಿಡಿದು ಕೆಳಗಿಳಿಸುತ್ತಾನೆ.